ಹದಿನೈದರ ಮಗ, ಹದಿಮೂರರ ಅಳಿಯ

ನನ್ನ ತಮ್ಮ ಪಾಸಿ ಹುಟ್ಟಿದ್ದು ಬಸ್ಸಿನಲ್ಲಿ. ಅಮ್ಮ ಹೆರಿಗೆಗೆಂದು ಆಸ್ಪತ್ರೆಗೆ ಹೊರಟಿದ್ದಳು. ದಾರಿಯಲ್ಲಿ ಡ್ರೈವರ್ ಯಾರದೋ ಮನೆಗೆ ಕೆಸುವಿನ ಗೆಡ್ಡೆಯ ಮೂಟೆ ಇಳಿಸಲು ನಿಲ್ಲಿಸಿದ, ಆ ಮನೆಯವರು ಕೋಕೋ ಕುಡಿದು ಹೋಗಪ್ಪಾ ಅಂದರು, ಅವನು ಕುಡಿದು ಬಾಯಿ ಒರೆಸಿಕೊಂಡು ಬರುವಷ್ಟರಲ್ಲಿ ಬಸ್ಸಿನಲ್ಲಿ ಒಬ್ಬ ಪ್ರಯಾಣಿಕ ಹೆಚ್ಚಾಗಿದ್ದ. ನಮ್ಮ ಮಾತಿನಲ್ಲಿ ಬಸ್ಸಿಗೆ ಪಾಸಿ ಎನ್ನುತ್ತೇವೆ. ಹೆಸರು ಹುಡುಕುವ ಕೆಲಸವೇ ಉಳಿಯಲಿಲ್ಲ.

ತೊಂದರೆ ಶುರುವಾದದ್ದು ಅವನು ರಗ್ಬಿ ಆಡಲು ಹೋದ ಮೇಲೆ. ಚೆಂಡನ್ನು ಪಕ್ಕದವನಿಗೆ ಕೊಡು ಎನ್ನುವುದಕ್ಕೂ ನಾವು ಕೂಗುವುದು ‘ಪಾಸಿ’ ಎಂದೇ. ಜೊತೆಯವರು “ಪಾಸಿ! ಪಾಸಿ!” ಎಂದು ಗಂಟಲು ಹರಿದುಕೊಂಡರೆ ಇವನು ಚೆಂಡನ್ನು ಎದೆಗೆ ಅವುಚಿಕೊಂಡೇ ತಿರುಗಿ “ಏನ್ರೋ?” ಎನ್ನುತ್ತಿದ್ದ. ಕರೆದವರು ಉತ್ತರ ಕೊಡುವ ಮೊದಲು ಎದುರಾಳಿಗಳು ಮೇಲೆ ಬೀಳುತ್ತಿದ್ದರು, ಇವನು ಅವರನ್ನೂ ಎಳೆದುಕೊಂಡು ಮುಂದೆ ಹೋಗುತ್ತಿದ್ದ. ಹೀಗೆ, ಮೂವರು ನೇತಾಡಿದರೂ ಚೆಂಡು ಬಿಡದವನು ಎಂದು ಹೆಸರಾಗಿ, ಪಕ್ಕದ ದ್ವೀಪದಲ್ಲಿರುವ ರಾಜಧಾನಿ ಅಪಿಯದ ಆಯ್ಕೆದಾರರ ಕಣ್ಣಿಗೆ ಬಿದ್ದ. ಅದು ಧೈರ್ಯವೋ ಗೊಂದಲವೋ ಎಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ.

ನಮ್ಮಪ್ಪ ಅಪೆರಾಮೊ, ನಮ್ಮ ವೈಸುಲು ಊರಿನ ಮತಾಯಿಗಳಲ್ಲಿ ಒಬ್ಬ. ಅಂದರೆ ನಮ್ಮ ಮನೆತನದ ಪಟ್ಟ ಹೊತ್ತವನು, ಊರಸಭೆಯಲ್ಲಿ ಅವನಿಗೆಂದೇ ಒಂದು ಕಂಬ ಮೀಸಲು. ಆ ಕಂಬಕ್ಕೆ ಬೆನ್ನು ಕೊಟ್ಟು ಕೂತರೆ ಅಪ್ಪ ಎರಡೇ ವಿಷಯಕ್ಕೆ ಬಾಯಿ ಬಿಡುತ್ತಿದ್ದ: ಯಾರ ಹಂದಿ ಯಾರ ತೋಟಕ್ಕೆ ನುಗ್ಗಿತು ಎನ್ನುವುದು ಒಂದು, ಹದಿನೈದು ಜನ ಆಡುವ ರಗ್ಬಿ ಇನ್ನೊಂದು. ದೇವರು ರಗ್ಬಿಗೆ ಹದಿನೈದು ಜನರನ್ನು ಗೊತ್ತುಮಾಡಿದ್ದಾನೆ, ಅದು ಪವಿತ್ರ ಗ್ರಂಥದಲ್ಲಿ ಇಲ್ಲದೇ ಹೋದದ್ದು ಬರೆದವರ ಮರೆವು ಎಂಬುದು ಅವನ ನಂಬಿಕೆ.

ಅಮ್ಮನ ತವರು ಪಕ್ಕದ ಕೊಲ್ಲಿಯ ಲೊತೊಪುವ. ಅಲ್ಲಿ ನಮ್ಮ ಸೋದರಮಾವ ಕಿರಿಸೋಮೆ ಇದ್ದ. ಮಾವ ಆಕ್ಲೆಂಡಿನ ಮಾಂಸದ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದುಡಿದು ಬಂದವನು. ಬರುವಾಗ ಒಂದು ಕುಂಟುಗಾಲು, ಒಂದು ದೊಡ್ಡ ಫ್ರಿಜ್ಜು ಮತ್ತು ಹದಿಮೂರು ಜನ ಆಡುವ ರಗ್ಬಿಯ ಹುಚ್ಚು, ಈ ಮೂರನ್ನು ತಂದಿದ್ದ. ಊರಿನ ಹುಡುಗರಿಗೆಲ್ಲ ಅದನ್ನೇ ಹಚ್ಚಿಸಿದ್ದ. ಭಾನುವಾರ ಚರ್ಚು ಮುಗಿದು ಎರಡೂ ಮನೆಯವರು ಒಟ್ಟಿಗೆ ಊಟಕ್ಕೆ ಕೂತರೆ ಪಾದ್ರಿಗಳ ಪ್ರಾರ್ಥನೆ ಮುಗಿಯುವವರೆಗೂ ಅಪ್ಪ ತಡೆದುಕೊಳ್ಳುತ್ತಿದ್ದ, ಅದಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ.

“ಅಲ್ಲಯ್ಯಾ ಕಿರಿಸೋಮೆ, ಹದಿಮೂರೇ ಜನ ಯಾಕೆ? ಮಿಕ್ಕ ಇಬ್ಬರು ಊಟಕ್ಕೆ ಹೋಗಿದಾರಾ?”

“ಇಲ್ಲ ಭಾವ. ನಿಮ್ಮಾಟದಲ್ಲಿ ಇಬ್ಬರು ಸುಮ್ನೆ ಸೊಂಟದ ಮೇಲೆ ಕೈಯಿಟ್ಕೊಂಡು ನಿಂತಿರ್ತಾರಲ್ಲ, ಅವರನ್ನ ನಾವು ಮನೇಗೆ ಕಳಿಸಿದ್ವಿ ಅಷ್ಟೆ.”

“ಬಿದ್ದವನು ಎದ್ದು ನಿಂತು ಚೆಂಡನ್ನ ಕಾಲಲ್ಲಿ ಹಿಂದಕ್ಕೆ ತಳ್ತಾನಂತೆ. ಕೋಳಿ ಕಸ ಕೆದರಿದ ಹಾಗೆ!”

“ನಿಮ್ಮವರು ಬಿದ್ದೋರ ಮೇಲೆ ಬೀಳ್ತಾರಲ್ಲ ಭಾವ, ಹಂದಿಮರಿ ಹಾಲು ಕುಡಿಯೋ ಹಾಗೆ. ಅದಕ್ಕಿಂತ ಕೋಳಿ ವಾಸಿ.”

ಪಾಸಿ ಇಬ್ಬರ ನಡುವೆ ಕೂತು, ಕೆಸುವಿನ ಎಲೆಯಲ್ಲಿ ಕಾಯಿಹಾಲು ಕಟ್ಟಿ ಸುಟ್ಟದ್ದನ್ನು ಒಂದಾದ ಮೇಲೊಂದು ಬಿಚ್ಚಿ ತಿನ್ನುತ್ತಿದ್ದ. ಅವನಿಗೆ ಅಭಿಪ್ರಾಯಗಳು ಕಡಿಮೆ, ಹಸಿವು ಜಾಸ್ತಿ.

ದೇಶದ ಹದಿನೈದರ ತಂಡಕ್ಕೆ ಅವನು ಆರಿಸಿಬಂದಾಗ ವೈಸುಲುವಿನಲ್ಲಿ ಚರ್ಚಿನ ಗಂಟೆ ಹೊಡೆದರು. ಮೊದಲ ಪಂದ್ಯ ನೋಡಲು ಊರೆಲ್ಲ ಪಾದ್ರಿಗಳ ಮನೆಯಲ್ಲಿ ಸೇರಿತು, ದೊಡ್ಡ ಟೀವಿ ಇದ್ದದ್ದು ಅಲ್ಲೇ. ಅಪ್ಪ ಎಲ್ಲರಿಗಿಂತ ಮುಂದೆ ಕೂತ. ಅಮ್ಮ ಮಾತ್ರ ಎಲ್ಲರಿಗಿಂತ ಹಿಂದೆ, ಟೀವಿಗೆ ಬೆನ್ನು ಹಾಕಿ, ಗೋಡೆ ನೋಡಿಕೊಂಡು ಚಾಪೆ ಹೆಣೆಯುತ್ತಾ ಕೂತಳು. ಮಗ ಬೀಳುವುದನ್ನು ನೋಡಲಾರಳು, ಮನೆಯಲ್ಲೂ ಇರಲಾರಳು. ಜನ “ಓ” ಎಂದಾಗಲೆಲ್ಲ ಅವಳದು ಒಂದೇ ಪ್ರಶ್ನೆ.

“ಎದ್ದನಾ?”

“ಇಲ್ಲಮ್ಮ, ಮೇಲೆ ಏಳೆಂಟು ಜನ ಇದಾರೆ,” ಎಂದೆ ನಾನು.

“ಅಯ್ಯೋ ದೇವರೇ. ಈಗ?”

“ಈಗ ಇನ್ನೂ ಇಬ್ಬರು ಬಿದ್ರು.”

“ನಮ್ಮವರಾ ಅವರವರಾ?”

“ಒಬ್ಬ ನಮ್ಮವನು.”

“ನಮ್ಮವನಿಗೇನು ಬಂತು ರೋಗ?” ಅಮ್ಮ ಚಾಪೆಯ ಎಳೆ ಕಿತ್ತಳು. ಆ ದಿನ ಹೆಣೆದ ಚಾಪೆ ಈಗಲೂ ನಮ್ಮಲ್ಲಿದೆ, ಅದರ ಮೇಲೆ ನೀರಿನ ಲೋಟ ನೆಟ್ಟಗೆ ನಿಲ್ಲುವುದಿಲ್ಲ.

ಪಾಸಿ ಆಮೇಲೆ ವೆಲ್ಲಿಂಗ್ಟನ್ನಿನ ಒಂದು ಕ್ಲಬ್ಬಿಗೆ ಆಡಲು ಹೋದ, ದೇಶ ಕರೆದಾಗಲೆಲ್ಲ ಬಂದು ಆಡಿದ. ಹೀಗೆ ಕೆಲವು ವರ್ಷ ನಡೆಯಿತು. ಒಂದು ಸಲ ತವರಿಗೆ ಹೋಗಿದ್ದ ಅಮ್ಮನಿಗೆ ಕಿರಿಸೋಮೆ ಮಾವ ಹದಿಮೂರರ ಪಂದ್ಯವೊಂದನ್ನು ಹಾಕಿ ತೋರಿಸಿದ. ಮಗ ಅದರಲ್ಲಿ ಇಲ್ಲವಾದ್ದರಿಂದ ಅಮ್ಮ ಟೀವಿಗೆ ಮುಖ ಮಾಡಿಯೇ ಕೂತಳು. ಒಬ್ಬ ಬಿದ್ದ. ಬಿದ್ದವನ ಮೇಲಿಂದ ಎದುರಾಳಿಗಳು ಎದ್ದು ಹಿಂದೆ ಹಿಂದೆ ಹೋದರು. ಅವನು ಎದ್ದು, ಚೆಂಡನ್ನು ಕಾಲಡಿಯಿಂದ ಹಿಂದಕ್ಕೆ ಉರುಳಿಸಿ ಆಟ ಮುಂದುವರಿಸಿದ.

“ಇದೇನು, ಎಲ್ಲರೂ ದೂರ ಹೋದ್ರು?” ಎಂದಳು ಅಮ್ಮ.

“ಅದೇ ರೂಲು ಅಕ್ಕ. ಬಿದ್ದವನಿಗೆ ಏಳಕ್ಕೆ ಜಾಗ ಬಿಡಬೇಕು.”

“ಪ್ರತಿ ಸಲಾನೂ?”

“ಪ್ರತಿ ಸಲಾನೂ.”

ಅಮ್ಮ ಆ ಸಂಜೆಯೇ ಊರಿಗೆ ವಾಪಸು ಬಂದು ನನ್ನನ್ನು ಒಳಗೆ ಕರೆದಳು. “ಫಿಲೆಮು, ನಿನ್ನ ತಮ್ಮನಿಗೆ ಫೋನ್ ಹಚ್ಚು. ಆಟ ಬದಲಾಯಿಸು ಅಂತ ಹೇಳು.”

“ನೀನೇ ಹೇಳಮ್ಮ.”

“ನಾನು ಹೇಳಿದ್ರೆ ನೋಡೋಣ ಅಂತಾನೆ. ನೀನು ಹೇಳಿದ್ರೆ ಇಲ್ಲ ಅನ್ನಕ್ಕಾಗಲ್ಲ.”

ಅದು ನಿಜ. ನಮ್ಮಲ್ಲಿ ಅಕ್ಕನ ಮಾತನ್ನು ತಮ್ಮ ಮೀರುವ ಹಾಗಿಲ್ಲ, ಅವನು ಎಷ್ಟೇ ದಪ್ಪ ಆಗಿರಲಿ. ಫೋನ್ ಹಚ್ಚಿದೆ. ಸಿಡ್ನಿಯ ಒಂದು ಹದಿಮೂರರ ಕ್ಲಬ್ಬಿನವರು ವರ್ಷದಿಂದ ಅವನ ಬೆನ್ನು ಬಿದ್ದಿದ್ದಾರೆ, ಅಪ್ಪನ ಹೆದರಿಕೆಗೆ ಇವನು ಅವರ ಫೋನೇ ಎತ್ತುತ್ತಿಲ್ಲ ಎಂದು ಆಗ ತಿಳಿಯಿತು.

“ಸರಿ ಅಕ್ಕ, ಹೋಗ್ತೀನಿ. ಅಪ್ಪನಿಗೆ ಯಾರು ಹೇಳ್ತಾರೆ?”

“ಅಮ್ಮ.”

“ಅಮ್ಮ ಏನಂತಾಳೆ?”

“ನೀನು ಅಂತಾಳೆ.”

ಕಡೆಗೆ ಹೇಳಿದ್ದು ರೇಡಿಯೋ. ಅಪ್ಪ ಮಧ್ಯಾಹ್ನದ ಸುದ್ದಿ ಕೇಳುತ್ತಾ ದಿವಿಹಲಸು ತಿನ್ನುತ್ತಿದ್ದ. ಬಾಯಲ್ಲಿದ್ದ ತುಂಡು ಹಾಗೇ ನಿಂತಿತು. ಎದ್ದು ಹೋಗಿ ಪಾಸಿಯ ಫೋಟೋ ತಿರುಗಿಸಿದ. ನಮ್ಮದು ಗೋಡೆಯಿಲ್ಲದ ಹಳೆಯ ಮನೆ, ಫೋಟೋ ತೂಗುತ್ತಿದ್ದದ್ದು ಕಂಬಕ್ಕೆ. ಆದ್ದರಿಂದ ಅಪ್ಪನಿಗೆ ಬೆನ್ನು ಮಾಡಿದ ಪಾಸಿ ಇಡೀ ರಸ್ತೆಗೆ ಮುಖ ಮಾಡಿ ನಗತೊಡಗಿದ. ಹೋಗಿಬರುವವರೆಲ್ಲ ನಿಂತು ನೋಡಿ, “ಅಪೆರಾಮೊ, ಮಗನ ಫೋಟೋ ಎಲ್ಲರಿಗೂ ಕಾಣೋ ಹಾಗೆ ಹಾಕಿದ್ದೀಯಲ್ಲ, ಒಳ್ಳೇ ಕೆಲಸ ಮಾಡ್ದೆ,” ಎಂದು ಹೇಳಿ ಹೋಗುತ್ತಿದ್ದರು.

ಅಷ್ಟಕ್ಕೇ ಅಪ್ಪನ ಸಿಟ್ಟು ಇಳಿಯಲಿಲ್ಲ. ಸೋಮವಾರದ ಊರಸಭೆಯಲ್ಲಿ ತಾನೇ ಎದ್ದು, ಊರಿನ ಆಟವನ್ನು ಬಿಟ್ಟುಹೋದವನ ಮನೆತನಕ್ಕೆ ದಂಡ ಹಾಕಬೇಕೆಂದು ಭಾಷಣ ಮಾಡಿದ. ಬಹಳ ಒಳ್ಳೆಯ ಭಾಷಣವಂತೆ, ಮುದುಕರು ಕಣ್ಣೊರೆಸಿಕೊಂಡರಂತೆ. ಒಂದು ದೊಡ್ಡ ಹಂದಿ ಎಂದು ತೀರ್ಮಾನವಾಯಿತು. ಅಪ್ಪ ಗೆದ್ದ ಮುಖದಲ್ಲಿ ಮನೆಗೆ ಬಂದ. ಅಮ್ಮ ಕೇಳಿದಳು:

“ಯಾವ ಹಂದಿ ಕೊಡ್ತೀರಿ?”

“ಯಾವ ಹಂದಿ ಅಂದ್ರೆ?”

“ನಮ್ಮ ಮನೆತನಕ್ಕೆ ತಾನೇ ದಂಡ? ಇರೋದು ನಿಮ್ಮ ಆ ಕಪ್ಪು ಹಂದಿ ಒಂದೇ ದೊಡ್ಡದು.”

ಅಪ್ಪ ಆ ಕಪ್ಪು ಹಂದಿಗೆ ಮಕ್ಕಳಿಗೆ ಹಾಕುವುದಕ್ಕಿಂತ ಹೆಚ್ಚು ತೆಂಗಿನಕಾಯಿ ತುರಿದು ಹಾಕಿದ್ದ. ಅವನು ಬಹಳ ಹೊತ್ತು ಹಂದಿಯ ಗೂಡಿನ ಬಳಿ ನಿಂತಿದ್ದ. ಸುದ್ದಿ ಲೊತೊಪುವಕ್ಕೆ ಹೋಯಿತು. ಮರುದಿನ ಕಿರಿಸೋಮೆ ಮಾವ ಪಿಕಪ್ಪಿನಲ್ಲಿ ತನ್ನದೊಂದು ಹಂದಿಯನ್ನು ಕಟ್ಟಿ ತಂದ.

“ಭಾವ, ಈ ಪಾಪ ನನ್ನದು. ಹಂದೀನೂ ನನ್ನದೇ ಇರ್ಲಿ.”

“ನಿನ್ನ ಹಂದಿ ನಮ್ಮೂರಿಗೆ ಬೇಡ.”

“ಸರಿ, ವಾಪಸ್ ತಗೊಂಡ್ಹೋಗ್ತೀನಿ.”

“ಇಳಿಸಿದ್ದೀಯಲ್ಲ, ಇರ್ಲಿ,” ಎಂದ ಅಪ್ಪ ಬೇಗ. ಸಭೆ ಅದನ್ನು ಕಾದ ಕಲ್ಲಿನ ಮೇಲೆ ಸುಟ್ಟಿತು. ಅಪ್ಪ ಮುಟ್ಟುವುದಿಲ್ಲ ಎಂದವನು, ಎಲ್ಲರೂ ತಿನ್ನುವುದನ್ನು ನೋಡಿ, ಬೆನ್ನಿನ ಕಡೆಯ ತುಂಡು ಹೇಗಿದೆ ನೋಡೋಣ ಎಂದು ಕೂತ.

ಸಿಡ್ನಿಗೆ ಹೋದ ಮೇಲೆ ಪಾಸಿಗೆ ದೇಶದ ಹದಿಮೂರರ ತಂಡದಿಂದಲೂ ಕರೆ ಬಂತು. ಎರಡೂ ಆಟಗಳಲ್ಲಿ ದೇಶಕ್ಕಾಗಿ ಆಡುವ ಮೊದಲ ವೈಸುಲುವಿನವನು ಎಂದು ಪತ್ರಿಕೆ ಬರೆಯಿತು, ಎರಡನೆಯವನು ಬರುವ ಸೂಚನೆ ಇನ್ನೂ ಇಲ್ಲ. ಪಂದ್ಯ ಟೊಂಗಾದವರ ಮೇಲೆ, ಶನಿವಾರ ಮಧ್ಯಾಹ್ನ. ಅಪ್ಪ ಬೆಳಿಗ್ಗೆಯೇ ಬಲೆ ಹೆಗಲಿಗೆ ಹಾಕಿಕೊಂಡು, “ನಾನು ಮೀನಿಗೆ ಹೋಗ್ತೀನಿ, ಆ ಕೋಳಿಯಾಟ ನೋಡೋರು ನೋಡ್ಕೊಳ್ಳಿ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹೊರಟ. ಪಾದ್ರಿಗಳ ಮನೆ ಮತ್ತೆ ತುಂಬಿತು. ಅಮ್ಮ ಈ ಸಲ ಗೋಡೆಯ ಕಡೆ ಕೂತರೂ ಆಗಾಗ ಕತ್ತು ತಿರುಗಿಸುವಷ್ಟು ಧೈರ್ಯ ತಂದುಕೊಂಡಿದ್ದಳು.

ಪಾಸಿಗೆ ಮೊದಲ ಚೆಂಡು ಸಿಕ್ಕಿತು. ನುಗ್ಗಿದ. ಮೂವರು ಟೊಂಗಾದವರು ಕೆಡವಿದರು. ಕೆಡವಿ, ರೂಲಿನಂತೆ, ಎದ್ದು ಹಿಂದೆ ಹೋದರು. ಪಾಸಿ ಏಳಲಿಲ್ಲ. ಹದಿನೈದರ ಆಟದಲ್ಲಿ ಕಲಿತ ಹಾಗೆ ಚೆಂಡನ್ನು ಅಚ್ಚುಕಟ್ಟಾಗಿ ಪಕ್ಕಕ್ಕೆ ಚಾಚಿ ಇಟ್ಟು, ತಲೆ ಮುಚ್ಚಿಕೊಂಡು, ಜನ ಬಂದು ಮೇಲೆ ಬೀಳಲಿ ಎಂದು ಕಾಯುತ್ತಾ ಮಲಗಿದ. ಯಾರೂ ಬೀಳಲಿಲ್ಲ. ಇಡೀ ಮೈದಾನ ಅವನನ್ನೇ ನೋಡುತ್ತಾ ನಿಂತಿತು.

“ಎದ್ದನಾ?” ಎಂದಳು ಅಮ್ಮ.

“ಇಲ್ಲಮ್ಮ.”

“ಮೇಲೆ ಎಷ್ಟು ಜನ?”

“ಯಾರೂ ಇಲ್ಲ.”

“ಹಾಗಾದ್ರೆ ಸತ್ತನಾ?”

ಅಷ್ಟರಲ್ಲಿ ಕಿಟಕಿಯ ಹೊರಗಿನ ಬಾಳೆಗಿಡಗಳ ನಡುವಿನಿಂದ ಒಂದು ಗರ್ಜನೆ ಕೇಳಿಸಿತು: “ಏಳೋ ದಡ್ಡ ಮುಂಡೇದೇ! ಎದ್ದು ಕಾಲಲ್ಲಿ ತಳ್ಳೋ!”

ಎಲ್ಲರೂ ತಿರುಗಿದರು. ಬಾಳೆಲೆ ಸರಿಸಿಕೊಂಡು ಅಪ್ಪನ ತಲೆ ಕಾಣಿಸಿತು. ಹೆಗಲ ಮೇಲಿನ ಬಲೆ ಒಣಗಿದ್ದು ಒಣಗಿದಂತೇ ಇತ್ತು.

“ದಾರೀಲಿ ಹೋಗ್ತಿದ್ದೆ,” ಎಂದ ಅಪ್ಪ.

ಸಮುದ್ರ ಇನ್ನೊಂದು ಕಡೆಗಿದೆ ಎಂದು ಯಾರೂ ಹೇಳಲಿಲ್ಲ. ಪಾದ್ರಿಗಳ ಹೆಂಡತಿ ಜಾಗ ಮಾಡಿಕೊಟ್ಟರು. ಅಪ್ಪ ಬಂದು ಅಮ್ಮನ ಪಕ್ಕದಲ್ಲೇ ಕೂತ. ಆಮೇಲಿನ ಇಡೀ ಆಟ ಅಮ್ಮನಿಗೆ ಉತ್ತರ ಹೇಳಿದ್ದು ಅವನೇ. “ಎದ್ದ, ಎದ್ದ. ಎಲ್ಲರೂ ದಾರಿ ಬಿಟ್ಟ ಹಾಗೆ ದೂರ ನಿಂತಿದಾರೆ. ಇಷ್ಟು ಮರ್ಯಾದೆ ಕೊಡೋದನ್ನ ಆಟ ಅಂತ ಹೇಗೆ ಕರೀತಾರೋ!”

ಪಂದ್ಯ ಸೋತೆವು. ಮೂರು ಸಲ ಪಾಸಿ ಮಲಗಿದಲ್ಲೇ ಮಲಗಿದ್ದ. ಒಂದು ಸಲವಂತೂ ಟೊಂಗಾದ ಹುಡುಗನೊಬ್ಬ ಪಾಪ ಬಗ್ಗಿ, “ಅಣ್ಣ, ಎದ್ದೇಳಿ, ನೀವೇ ಆಡ್ಬೇಕು,” ಎಂದು ಹೇಳಿ ಕೈ ಕೊಟ್ಟ ಎಂದು ಆಮೇಲೆ ಪಾಸಿಯೇ ಹೇಳಿದ.

ಆದರೆ ಅವನು ಕಲಿತ. ಆ ಆಟದಲ್ಲಿ ಎಷ್ಟೋ ವರ್ಷ ನಿಂತ. ಹೆಸರು ಮಾಡಿದ, ಮೂಗು ಮುರಿದುಕೊಂಡ, ಮೊಣಕಾಲುಗಳನ್ನು ಒಂದೊಂದಾಗಿ ಕೆಡಿಸಿಕೊಂಡ. ಮೂವತ್ತು ದಾಟಿದ ಮೇಲೆ, ಇನ್ನು ಸಾಕು ಎನ್ನುವ ಹೊತ್ತಿಗೆ, ಹದಿನೈದರ ತಂಡದವರು ಮತ್ತೆ ಕರೆದರು. ಇಬ್ಬರು ಆಟಗಾರರಿಗೆ ಪೆಟ್ಟಾಗಿತ್ತು, ಇನ್ನೊಬ್ಬನಿಗೆ ಮದುವೆ ಇತ್ತು. ಪಂದ್ಯ ಅಪಿಯದಲ್ಲೇ, ಮತ್ತೆ ಟೊಂಗಾದವರ ಮೇಲೆ. ಅಪ್ಪ ಫೋಟೋವನ್ನು ತಿರುಗಿಸಿ ಒಳಮುಖ ಮಾಡಿದ. ಮನೆಮಂದಿಯೆಲ್ಲ ಹಡಗು ಹತ್ತಿ ಹೋದೆವು, ಕಿರಿಸೋಮೆ ಮಾವನೂ ಬಂದ.

ಕೊನೆಯ ಹೊತ್ತಿನಲ್ಲಿ ನಾವು ಸ್ವಲ್ಪ ಹಿಂದಿದ್ದೆವು. ಟೊಂಗಾದವರ ಗೆರೆಯ ಹತ್ತಿರ ಪಾಸಿಗೆ ಚೆಂಡು ಸಿಕ್ಕಿತು. ಒಬ್ಬ ಅವನ ಕಾಲು ಹಿಡಿದು ಕೆಡವಿ ತಾನು ದೂರ ಉರುಳಿದ. ಬೇರೆ ಯಾರೂ ಇನ್ನೂ ಹತ್ತಿರ ಬಂದಿರಲಿಲ್ಲ. ಪಾಸಿ ಚೆಂಡನ್ನು ನೆಲಕ್ಕೆ ಬಿಟ್ಟ. ಆಮೇಲೆ ಅಷ್ಟು ವರ್ಷಗಳ ಅಭ್ಯಾಸದಂತೆ ಎದ್ದು, ನೆಟ್ಟಗೆ ನಿಂತು, ಚೆಂಡಿನ ಮೇಲೆ ಪಾದವಿಟ್ಟು, ಮರ್ಯಾದೆಯಿಂದ ಹಿಂದಕ್ಕೆ ಉರುಳಿಸಿದ. ನುಗ್ಗಿ ಬರುತ್ತಿದ್ದ ಟೊಂಗಾದವರು ಇದೇನು ಎಂದು ತಬ್ಬಿಬ್ಬಾಗಿ ನಿಂತರು. ಅವರಲ್ಲೊಬ್ಬ ಹದಿಮೂರರ ಆಟವನ್ನೂ ಆಡಿದವನಿರಬೇಕು, ಎರಡು ಹೆಜ್ಜೆ ಹಿಂದೆ ಕೂಡ ಹೋದ. ರೆಫರಿ ಸೀಟಿ ಬಾಯಿಗಿಟ್ಟುಕೊಂಡ, ಯಾವ ತಪ್ಪಿಗೆ ಊದಬೇಕೆಂದು ತೋಚದೆ ಅದನ್ನು ಬಾಯಲ್ಲೇ ಇಟ್ಟುಕೊಂಡ. ಅಷ್ಟರಲ್ಲಿ ಹಿಂದಿದ್ದ ನಮ್ಮ ಸಣ್ಣ ಆಟಗಾರ ಚೆಂಡೆತ್ತಿ, ಆ ಹಿಂದೆ ಸರಿದವನ ಪಕ್ಕದಿಂದಲೇ ಓಡಿ, ಗೆರೆಯಾಚೆ ಬಿದ್ದ.

ಗೆದ್ದೆವು. ಮೈದಾನವಿಡೀ ಕುಣಿಯುತ್ತಿದ್ದರೆ ಅಪ್ಪ ಮತ್ತು ಮಾವ ಮಾತ್ರ ಒಬ್ಬರನ್ನೊಬ್ಬರು ನೋಡುತ್ತಾ ಕೂತಿದ್ದರು.

“ಭಾವ, ಅದು ನಮ್ಮಾಟ.”

“ಯಾರಪ್ಪಂದು? ಮೈದಾನದಲ್ಲಿ ಇದ್ದದ್ದು ಹದಿನೈದು ಜನ. ಎಣಿಸ್ಕೋ.”

“ಎದ್ದು ತಳ್ಳೋದು ಯಾರು ಕಲಿಸಿದ್ದು?”

“ಬಾಳೆತೋಟದಿಂದ ಕೂಗಿ ಹೇಳಿದ್ದು ನಾನು!”

ಈ ಜಗಳ ಹಡಗಿನಲ್ಲೂ ಸಾಗಿತು. ಮಧ್ಯದಲ್ಲಿ ಮಾವನಿಗೆ ವಾಂತಿ ಬಂದು ಸ್ವಲ್ಪ ಹೊತ್ತು ನಿಂತಿತು, ಆಮೇಲೆ ಮುಂದುವರಿಯಿತು.

ಪಾಸಿ ಅದೇ ತನ್ನ ಕೊನೆಯ ಪಂದ್ಯ ಎಂದು ಹೇಳಿ ನಮ್ಮ ಜೊತೆಯೇ ಊರಿಗೆ ಬಂದ. ಮರುದಿನ ಬೆಳಿಗ್ಗೆ ಅವನು ಮೊಣಕಾಲುಗಳನ್ನು ಸಮುದ್ರದ ನೀರಿನಲ್ಲಿ ಇಳಿಬಿಟ್ಟು ಕೂತಿದ್ದ. ನಾನು ಕೋಕೋ ತೆಗೆದುಕೊಂಡು ಹೋದೆ.

“ನೋವಿದೆಯೇನೋ?”

“ಇದೆ ಅಕ್ಕ.” ಒಂದು ಗುಟುಕು ಕುಡಿದ. “ನಿಂಗೊಂದು ಹೇಳ್ಲಾ? ಅಷ್ಟು ವರ್ಷ ಆಡಿದ್ನಲ್ಲ, ಪ್ರತಿ ಸಲ ಬಿದ್ದಾಗ್ಲೂ ಅಮ್ಮ ಗೋಡೆ ಕಡೆ ಮುಖ ಮಾಡಿ ಕೂತಿರೋದೇ ಕಾಣ್ಸೋದು. ಬೇಗ ಏಳ್ಬೇಕು ಅನ್ನಿಸೋದು. ಯಾವ ಆಟ ಅಂತ ಆಗ ನೆನಪೇ ಇರ್ತಿರ್ಲಿಲ್ಲ.”

ಅವನು ಲೋಟ ವಾಪಸು ಕೊಟ್ಟು, ಇನ್ನೊಂದು ಲೋಟ ಇದೆಯಾ ಎಂದು ಕೇಳಿದ.

ಆಮೇಲೆ ಪಟ್ಟದ ಗಲಾಟೆ ಶುರುವಾಯಿತು. ಅಪ್ಪನ ಕಡೆಯವರು ಪಾಸಿಗೂ ಮನೆತನದ ಒಂದು ಪಟ್ಟ ಕಟ್ಟಬೇಕೆಂದು ಒಂದು ಶನಿವಾರ ಗೊತ್ತುಮಾಡಿದರು. ಅದು ತಿಳಿದ ಕೂಡಲೇ ಲೊತೊಪುವದವರು, ತಾಯಿಯ ಕಡೆಯಿಂದಲೂ ಅವನಿಗೆ ಹಕ್ಕಿದೆ ಎಂದು ಅದೇ ಶನಿವಾರ ಗೊತ್ತುಮಾಡಿದರು. ಎರಡು ಪಟ್ಟ ಹೊರುವುದು ನಮ್ಮಲ್ಲಿ ಹೊಸದೇನಲ್ಲ, ಆದರೆ ಒಂದೇ ದಿನ ಎರಡು ಊರಲ್ಲಿ ಕೂರಲು ಮನುಷ್ಯನಿಗೆ ಆಗುವುದಿಲ್ಲ. ಇಬ್ಬರೂ ದಿನ ಬದಲಿಸಲು ಒಪ್ಪಲಿಲ್ಲ. ಹಂದಿಗಳಿಗೆ ಹೇಳಿಯಾಗಿದೆ ಎನ್ನುವುದು ಎರಡೂ ಕಡೆಯ ವಾದ.

“ಪಾಸಿ, ನೀನೇ ಹೇಳೋ,” ಎಂದ ಅಪ್ಪ.

“ಅಕ್ಕ ಹೇಳಿದ ಹಾಗೆ,” ಎಂದ ಪಾಸಿ.

ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ನನಗೆ ದಿನವೂ ಇಂಥ ಜಗಳ ಬಿಡಿಸಿ ಅಭ್ಯಾಸ. “ಎರಡೂ ಪಟ್ಟ ಒಂದೇ ದಿನ, ಒಂದೇ ಕಡೆ. ನಮ್ಮ ಶಾಲೆ ಎರಡೂ ಊರಿನ ಗಡಿಯಲ್ಲಿದೆ, ಅಲ್ಲೇ ಆಗ್ಲಿ. ಒಪ್ಪದೋರು ಊಟಕ್ಕೆ ಬರೋದು ಬೇಡ,” ಎಂದೆ. ಊಟದ ಮಾತು ಕೇಳಿ ಎರಡೂ ಊರು ತಣ್ಣಗಾದವು.

ಆ ದಿನ ಶಾಲೆಯ ದೊಡ್ಡ ಕೋಣೆಯಲ್ಲಿ ಎರಡು ಸಾಲು ಮುದುಕರು ಎದುರುಬದುರಾಗಿ ಕೂತು, ಪಟ್ಟ ಕಟ್ಟುವಾಗ ತೆಂಗಿನ ಚಿಪ್ಪಿನಲ್ಲಿ ಕೊಡುವ ಅವಾ ಪಾನೀಯದ ಮೊದಲ ಚಿಪ್ಪು ಯಾವ ಪಟ್ಟದ ಹೆಸರಲ್ಲಿ ಕೂಗಬೇಕೆಂದು ಬೆಳಗಿನಿಂದ ವಾದ ಮಾಡಿದರು. ಭಾಷಣಗಳು ಹಳೆಯ ಯುದ್ಧಗಳವರೆಗೂ ಹೋಗಿ ವಾಪಸು ಬಂದವು. ನಡುವೆ ಪಾಸಿ, ಬರಿಮೈಗೆ ಎಣ್ಣೆ ಹಚ್ಚಿಕೊಂಡು, ಪದ್ಧತಿಯಂತೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಅವನ ಮುಖ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಎರಡೂ ಆಟಗಳು ಸೇರಿ ಆ ಮೊಣಕಾಲುಗಳನ್ನು ಮಡಿಸಲಾಗದ ಹಾಗೆ ಮಾಡಿದ್ದವು, ಹಿರಿಯರ ಎದುರು ಕಾಲು ಚಾಚುವುದಂತೂ ದೊಡ್ಡ ಅಪರಾಧ. ಹಣೆಯಿಂದ ಬೆವರು ಇಳಿಯುತ್ತಿದ್ದರೂ ಅವನು ಹಲ್ಲು ಕಚ್ಚಿ ಕೂತೇ ಇದ್ದ.

ನಾನು ಎದ್ದೆ. ಪಟ್ಟವಾದ ಮೇಲೆ ಅವನಿಗೆ ಹೊದಿಸಲೆಂದು ತಂದಿದ್ದ ನಯವಾದ ದೊಡ್ಡ ಚಾಪೆಯನ್ನು ಬಿಡಿಸಿಕೊಂಡು ನಡುವೆ ಹೋಗಿ, ಅವನ ಮಡಿಲಿನ ಮೇಲೆ ಹರಡಿದೆ. ಮುದುಕರು ವಾದ ನಿಲ್ಲಿಸಿದರು.

“ಕಾಲು ಚಾಚೋ,” ಎಂದೆ ಮೆಲ್ಲಗೆ.

“ಅಕ್ಕ, ಎಲ್ಲರೂ ನೋಡ್ತಿದಾರೆ.”

“ನೋಡಿದ್ರೆ ಚಾಪೆ ಕಾಣುತ್ತೆ. ಚಾಚು.”

ಚಾಪೆಯ ಅಡಿಯಲ್ಲಿ ಎರಡು ಕಾಲುಗಳು ನಿಧಾನವಾಗಿ, ಬಾಗಿಲು ತೆರೆಯುವಾಗಿನಂಥ ಸದ್ದು ಮಾಡುತ್ತಾ ನೆಟ್ಟಗಾದವು. ಪಾಸಿ ಬಿಟ್ಟ ಉಸಿರು ಕಡೆಯ ಸಾಲಿಗೂ ಕೇಳಿಸಿತು. ಅಪ್ಪ ಏನೋ ಹೇಳಲು ಬಾಯಿ ತೆರೆದ, ಕಿರಿಸೋಮೆ ಮಾವನೂ ತೆರೆದ. ನಾನು ಇಬ್ಬರನ್ನೂ ನೋಡಿದೆ. ಮಾವ ಕುಂಟುತ್ತಾ ಎದ್ದು ಬಂದು ಚಾಪೆಯ ಒಂದು ಅಂಚು ಸರಿಮಾಡಿದ. ಅಪ್ಪ ಇನ್ನೊಂದು ಅಂಚು ಎಳೆದ. “ಎರಡೂ ಹೆಸರು ಒಟ್ಟಿಗೇ ಕೂಗಿ, ಮಧ್ಯಾಹ್ನ ಆಯ್ತು,” ಎಂದ ಅಪ್ಪ. ಹಾಗೇ ಕೂಗಿದರು. ಆ ಗದ್ದಲದಲ್ಲಿ ಯಾವುದು ಮೊದಲು ಬಂತು ಎಂದು ಯಾರಿಗೂ ತಿಳಿಯಲಿಲ್ಲ.

ಈಗ ಪಾಸಿ ಎರಡೂ ಊರಸಭೆಗಳಿಗೆ ಹೋಗುತ್ತಾನೆ, ಎರಡರಲ್ಲೂ ನಿದ್ದೆ ಮಾಡುತ್ತಾನೆ. ಮೊನ್ನೆ ನಾನು ಕೇಳಿಯೇಬಿಟ್ಟೆ: “ಅಲ್ಲೋ, ಅಪ್ಪ ಇಲ್ಲಿಲ್ಲ, ಮಾವ ಇಲ್ಲಿಲ್ಲ, ನಾವಿಬ್ಬರೇ ಇದೀವಿ. ಯಾವ ಆಟ ಇಷ್ಟ ನಿಂಗೆ?”

ಅವನು ಸುತ್ತ ನೋಡಿ, ದನಿ ತಗ್ಗಿಸಿದ. “ವಾಲಿಬಾಲ್.”

“ಏನು?”

“ನಡುವೆ ನೆಟ್ ಇರುತ್ತೆ ಅಕ್ಕ. ಅವರು ಆ ಕಡೆ, ನಾವು ಈ ಕಡೆ. ಯಾರೂ ಬಂದು ಮುಟ್ಟಲ್ಲ.”

ಸಂಜೆ ಪ್ರಾರ್ಥನೆಗೆ ಮೊದಲು ನಮ್ಮ ಶಾಲೆಯ ಹುಡುಗಿಯರು ಅಂಗಳದಲ್ಲಿ ವಾಲಿಬಾಲ್ ಆಡುತ್ತಾರೆ. ಎರಡು ಪಟ್ಟಗಳ ಒಡೆಯ ಅವರ ಜೊತೆ ಒಂದು ಮೂಲೆಯಲ್ಲಿ ನಿಲ್ಲುತ್ತಾನೆ. ಅವನು ಹೊಡೆದ ಚೆಂಡು ಹತ್ತರಲ್ಲಿ ಒಂಬತ್ತು ಸಲ ನೆಟ್ಟಿಗೇ ತಗಲುತ್ತದೆ. ಹುಡುಗಿಯರು, ಅವನ ಪಟ್ಟ ಗಿಟ್ಟ ನೋಡದೆ, ಬಾಯಿಗೆ ಬಂದಂತೆ ಬೈಯುತ್ತಾರೆ. ಅವನು ನಗುತ್ತಾ, ಕುಂಟುತ್ತಾ ಹೋಗಿ ಚೆಂಡು ಹೆಕ್ಕಿಕೊಂಡು ಬಂದು, ಇನ್ನೊಂದು ಸಲ ಕೊಡ್ರೇ ಎಂದು ಬೇಡಿಕೊಳ್ಳುತ್ತಾನೆ.